ನಲವತ್ತೆಂಟು ಕಿಲೋದ ಪಂಚ್

ಗೆಳೆಯರೇ, ಇವತ್ತು ಊಟದ ಬಿಡುವಿನಲ್ಲಿ ನಮ್ಮ ನೋಯ್ಡಾ ಆಫೀಸಿನಲ್ಲಿ ಬಾಕ್ಸಿಂಗೇ ನಡೆದುಹೋಯಿತು! ತೊಂಬತ್ತು ಕಿಲೋ ತೂಗುವ ನಮ್ಮ ಮ್ಯಾನೇಜರ್ ಶ್ರೀಧರ್ ನನ್ನ ಹತ್ತಿರ ಕನ್ನಡದಲ್ಲಿ, “ಇತಿಹಾಸದಲ್ಲಿ ಉಳಿಯೋದು ಹೆವಿವೇಟ್ ಚಾಂಪಿಯನ್ನರೇ ಕಣ್ರೀ. ಸಣ್ಣ ತೂಕದವರು ಎಷ್ಟು ಬೆಲ್ಟ್ ಗೆದ್ದರೂ ಅದು ಮಕ್ಕಳಾಟ” ಎಂದರು.

ಪಕ್ಕದಲ್ಲಿದ್ದ ಹರಿಯಾಣದ ಸುಮನ್ ಕಾಲೇಜಿನಲ್ಲಿ ನಲವತ್ತೆಂಟು ಕಿಲೋ ವಿಭಾಗದ ಚಾಂಪಿಯನ್ ಆಗಿದ್ದವಳು. ಅವಳಿಗೆ ಆ ಮಾತನ್ನು ಹಿಂದಿಯಲ್ಲಿ ಹೇಳಿದ್ದು ನಾನೇ.

“ಅಚ್ಛಾ? ಪಕಡಿಯೇ ಸರ್!” ಎಂದು, ಹಿಡಿದುಕೊಳ್ಳಲು ಕುರ್ಚಿಯ ದಿಂಬು ಕೊಟ್ಟಳು. ಸರ್ ನಗುತ್ತಲೇ ಅದನ್ನು ಹೊಟ್ಟೆಗೆ ಹಿಡಿದರು. ಒಂದೇ ಪಂಚ್! ಸರ್ ಹಿಂದಕ್ಕೆ ಹೋಗಿ, ಮುಚ್ಚಳ ತೆರೆದಿದ್ದ ಜೆರಾಕ್ಸ್ ಯಂತ್ರದ ಮೇಲೆ ಕುಳಿತೇಬಿಟ್ಟರು. ಕೈ ತಗುಲಿ ಬಟನ್ನೂ ಒತ್ತಿಹೋಯಿತು.

ಉಸಿರು ಬಂದ ಮೇಲೆ, “ತೂಕ ಮುಖ್ಯ ಅಲ್ಲ ಬಿಡ್ರೀ” ಎಂದರು.

ಹೊರಬಂದ ಪ್ರತಿ ನನ್ನ ಡ್ರಾಯರಿನಲ್ಲಿದೆ. ಸರ್ ನನ್ನ ಅಪ್ರೈಸಲ್ ಮುಗಿಸುವವರೆಗೆ ಅದು ಅಲ್ಲೇ ಭದ್ರವಾಗಿರುತ್ತದೆ.