ಬಿಸಿಲಲ್ಲಿ ನಿಂತು ಮಾಡಿದ ವ್ಯಾಪಾರ

ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಹದಮಾಡುವ ಬ್ಯಾರನ್ ಮನೆಗಳಿಗೆ ಸೌದೆ ಒದಗಿಸುವುದು ನನ್ನ ಕಸುಬು. ಮರ ನೋಡಿದರೆ ನನಗೆ ಮೊದಲು ಕಾಣುವುದು ಅದರ ತೂಕ. ಪಿರಿಯಾಪಟ್ಟಣದ ಆಚೆ ಪುಟ್ಟಸ್ವಾಮಿ ನನ್ನನ್ನು ಕರೆಸಿದ್ದೂ ಅದಕ್ಕೇ. ಮೊದಲಿಂದ ಹೊಗೆಸೊಪ್ಪು ಬೆಳೆದವನು, ಈಗ ಎರಡೆಕರೆ ಕಾಫಿ ಹಾಕಿದ್ದ. ಕಾಫಿಗೆ ನೆರಳಾಗಿದ್ದ ಸಿಲ್ವರ್ ಓಕ್ ಮರಗಳನ್ನೆಲ್ಲ ಕಡಿದುಕೊಂಡು ಹೋಗಿ ಅಂದ.

"ಒಗೆಸೊಪ್ಪು ಬಿಸ್ಲಲ್ಲೇ ಅಲ್ವಾ ಬರೋದು? ಕಾಫೀನೂ ಅಂಗೇ ಕಣ್ರೀ. ಓದ್ ವರ್ಸ ಆ ಮೂಲೇಲಿ ಮರ ಬಿದ್ದೋಯ್ತು, ಅಲ್ಲಿನ ಗಿಡ ಎಂಗೆ ಕಾಯಿ ಬುಟ್ಟಿದ್ವು ಗೊತ್ತಾ?"

"ಈ ವರ್ಸ ಎಂಗವೆ ಅಂತ್ಲೂ ಏಳು," ಅಂದಳು ಅವನ ಹೆಂಡತಿ ಜಯಮ್ಮ.

ಮೂವರೂ ಆ ಮೂಲೆಗೆ ಹೋದೆವು. ಶಕ್ತಿಯನ್ನೆಲ್ಲ ಒಂದೇ ವರ್ಷದ ಕಾಯಿಗೆ ಸುರಿದ ಗಿಡಗಳು ಎಲೆ ಹಳದಿಯಾಗಿ, ರೆಂಬೆಯ ತುದಿ ಒಣಗಿ ನಿಂತಿದ್ದವು.

"ಗೊಬ್ಬರ ಸಾಲ್ದು," ಅಂದ ಪುಟ್ಟಸ್ವಾಮಿ.

"ಸರಿ, ಇಲ್ಲೇ ನಿಂತು ರೇಟ್ ಮಾತಾಡಿ. ಮುಗಿಯೋಗಂಟ ನೆಳ್ಳಿಗೆ ಬರಂಗಿಲ್ಲ," ಅಂದಳು ಜಯಮ್ಮ.

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಅವನು ಒಂದು ರೇಟ್ ಹೇಳಿದ, ನಾನು ಇಳಿಸಿದೆ. ಅಷ್ಟರಲ್ಲೇ ಅವನು ಟವೆಲ್ಲನ್ನು ತಲೆಗೆ ಹಾಕಿಕೊಂಡ, ನನ್ನ ಕಾಲು ತಾನಾಗಿ ಮರದ ಕಡೆ ಸರಿಯಿತು.

"ನಿಮ್ ಕೈಲೇ ಅರ್ಗಳಿಗೆ ಬಿಸ್ಲಲ್ಲಿ ನಿಲ್ಲಕ್ಕಾಗ್ನಿಲ್ಲ. ನಿಮ್ಗೆ ಕಾಲಾದ್ರೂ ಅವೆ, ಗಿಡ ಎಲ್ಲಿಗೋಗ್ಬೇಕು?" ಅಂದಳು ಜಯಮ್ಮ.

ಪುಟ್ಟಸ್ವಾಮಿ ಬೆವರು ಒರೆಸಿಕೊಂಡ. "ಕೊಂಬೆ ಮಾತ್ರ ಸವರ್ಕೊಂಡೋಗಿ, ಬುಡಿ."

ಈಗ ಪ್ರತಿವರ್ಷ ಮುಂಗಾರಿಗೆ ಮುಂಚೆ ಆ ಕೊಂಬೆಗಳು ನನಗೇ. ರೇಟ್ ಮಾತಾಡಲು ಜಯಮ್ಮ ನನ್ನನ್ನು ಇವತ್ತಿಗೂ ಬಿಸಿಲಲ್ಲೇ ನಿಲ್ಲಿಸುತ್ತಾಳೆ. ಅಲ್ಲಿ ನಾನು ಬೇಗ ಒಪ್ಪುತ್ತೇನೆ ಅನ್ನುವುದನ್ನೂ ಆಕೆ ಅವತ್ತೇ ಕಂಡುಕೊಂಡಿದ್ದಳು.