ಮೋಡದ ಮೇಲೆ ಮಲಗಿ ಬಂದ ಹುಲಿಯಾ

ಅವರ್ಸಾದ ಹುಲಿಯಾ ತಲೆಗೆ ಬೆಂಡಿನ ಹೂವಿನ ದೊಡ್ಡ ತುರಾಯಿ ಕಟ್ಟಿ ಸುಗ್ಗಿ ಕುಣಿಯಲು ಮುಂಬಯಿಗೆ ಹೋಗಿ, ದೊಡ್ಡ ಹೋಟೆಲಿನ ಮೂವತ್ತನೇ ಮಾಳಿಗೆಯಲ್ಲಿ ಒಂದು ರಾತ್ರಿ ಕಳೆದು ಬಂದವನು. ಅಂದಿನಿಂದ ಪೂರ್ತಿ ಕೆಳಗಿಳಿದೇ ಇಲ್ಲ. ಸಸಿ ನೆಡುತ್ತಿದ್ದವನು ಸೊಂಟ ನೆಟ್ಟಗೆ ಮಾಡಿ, "ಮೋಡ ನಮ್ಮ ಕಿಟಕಿ ಕೆಳಗೇ ಹೋಗ್ತಿತ್ತು" ಎನ್ನುತ್ತಾನೆ. ಪಟ್ಟಣದ ದೀಪಗಳು ಮೀನಿಗೆ ಹೋದ ದೋಣಿಗಳಂತೆ ತೇಲುತ್ತಿದ್ದವಂತೆ. ಹೇಳಿದಷ್ಟೂ ಮಾಳಿಗೆ ಮೇಲೇರುತ್ತದೆ. ಮೊನ್ನೆ ಚಾದಂಗಡಿಯಲ್ಲಿ ಹೇಳುವಾಗ ಚಂದ್ರನೇ ಬಂದು ಕಿಟಕಿಗೆ ಒರಗಿದ್ದ. ಹೋಟೆಲಿನ ಗಾದಿಯ ಮಾತು ಮಾತ್ರ ಎತ್ತುವುದಿಲ್ಲ. ನಾನೇ ಕೇಳಿದೆ: "ಗಾದಿ ಮೆತ್ತಗಿತ್ತಾ, ಹುಲಿಯಣ್ಣ?" ಅವನು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. "ದೇವ್ರ ತುರಾಯಿ ನೆಲಕ್ಕಿಡೂಕಾಗ್ತದ್ಯಾ, ತಮಾ? ಗಾದಿ ಮೇಲೆ ಅದು ಮಲಗ್ತು, ನಾ ಕೆಳಗೆ ಮಲಗ್ದೆ. ಮೆತ್ತಗಿತ್ತಾ ಅಂತ ಅದನ್ನೇ ಕೇಳ್ಬೇಕು."