ಪಿನ್‌ರೂ ಓದುತ್ತಿರುವ ಕೊನೆಯ ಸಂಪುಟ

ಲುಕಾಂಗಿನ ನಮ್ಮ ಓಣಿಯಲ್ಲಿ ಹಬೆಯಲ್ಲಿ ತಿಂಡಿ ಬೇಯಿಸುವ ಬಿದಿರಿನ ಬುಟ್ಟಿ ಹೆಣೆಯುವ ಖುನ್‌ಬೆಂಗ್ ಅಜ್ಜನಿಗೆ ಇದ್ದವಳು ಮೊಮ್ಮಗಳು ಪಿನ್‌ರೂ ಒಬ್ಬಳೇ. ಕಡಲಡಿಯ ಊರನ್ನು ಹುಡುಕಿ ಹೊರಟ ಹುಡುಗಿಯ ಸಾಹಸಕಥೆಯ ಎರಡು ಸಂಪುಟಗಳನ್ನು ಅವಳು ಊಟ ಬಿಟ್ಟು ಓದಿದ್ದಳು. ಮೂರನೆಯದು, ಕೊನೆಯದು, ಅಚ್ಚಾಗುವ ಮೊದಲೇ ಜ್ವರ ಅವಳನ್ನು ಒಯ್ದಿತು.

ಪುಸ್ತಕ ಬಂದಾಗ ಅಜ್ಜ ತಂದು ಅವಳ ಫೋಟೊದ ಮುಂದಿಟ್ಟ. ಸತ್ತವರಿಗೆ ಎಡೆಯಿಟ್ಟರೆ, ಉಂಡಾಯಿತೇ ಎಂದು ನಾವು ಎರಡು ನಾಣ್ಯ ಎಸೆದು ಕೇಳುತ್ತೇವೆ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಆಯಿತೆಂದರ್ಥ. ಆಗ ಇಟ್ಟದ್ದನ್ನು ಎತ್ತಬೇಕು, ಉಣ್ಣಲು ಬಂದ ಸತ್ತವರು ಹೊರಟುಹೋಗುತ್ತಾರೆ. ಅಜ್ಜ ದಿನಾ ಸಂಜೆ ನಾಣ್ಯ ಎಸೆದು, "ಓದಿ ಆಯ್ತೇನೆ ಪುಟ್ಟಿ?" ಎಂದು ಕೇಳುತ್ತಿದ್ದ. ಬೇಸಿಗೆ ಕಳೆದು ಚಳಿ ಬಂದರೂ ಪುಸ್ತಕ ಅಲ್ಲೇ ಇತ್ತು.

ನನಗೆ ರೇಗಿತು. "ಎರಡನೇದನ್ನ ಒಂದೇ ಉಸಿರಿಗೆ ನುಂಗಿದ್ಲು. ಇದಕ್ಕೆ ಯಾಕಜ್ಜ ಇಷ್ಟು ದಿನ?"

"ಕೊನೇದಲ್ವೇನೇ, ನಿಧಾನಕ್ಕೆ ಓದ್ತಾಳೆ."

ಒಂದು ಸಂಜೆ ಮೀನಿನ ಗಂಜಿ ಕೊಡಲು ಹೋದೆ. ಅಜ್ಜ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ನಾಣ್ಯಗಳು ಬಿದ್ದವು: ಒಂದು ಅಂಗಾತ, ಒಂದು ಬೋರಲು. ಅವನು ಬೆರಳ ತುದಿಯಿಂದ ಒಂದನ್ನು ಮೆಲ್ಲಗೆ ಮಗುಚಿದ.

"ಇನ್ನೂ ಆಗಿಲ್ವಾ?" ಎಂದ. "ಓದು, ಓದು. ಅವಸರ ಏನಿಲ್ಲ."